ಉಡಿದಾರದ ಅಳತೆ

ಊರಿನಿಂದ ದೂರವಿರುವ ಮಗನು ರಜೆಯಲ್ಲಿ ಮನೆಗೆ ಬಂದಾಗ ತಾಯಂದಿರು ಹೊಸ್ತಿಲಲ್ಲಿ ನಿಂತು ಆಡುವ ಮೊದಲ ಮಾತು ನಮ್ಮ ನಾಡಿನಲ್ಲೆಲ್ಲ ಒಂದೇ ಎಂದು ತೋರುತ್ತದೆ: "ಎಷ್ಟು ಸೊರಗಿ ಹೋಗಿದ್ದೀಯಪ್ಪ!" ಮಗನ ಷರಟಿನ ಗುಂಡಿಗಳು ಹೊಟ್ಟೆಯ ಮೇಲೆ ಕಿತ್ತು ಬರುವಂತಿದ್ದರೂ ಈ ಮಾತು ತಪ್ಪುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಬಾಗೂರಿನಲ್ಲಿ ಅವ್ವ ನನ್ನನ್ನು ಎಷ್ಟೋ ವರ್ಷಗಳ ಕಾಲ ಹೀಗೆಯೇ ಬರಮಾಡಿಕೊಂಡಳು. ಅವಳ ಕಣ್ಣಿಗೆ ನಾನು ಸೊರಗದೆ ಕಾಣಿಸಿದ್ದು ಒಂದೇ ಒಂದು ಸಲ. ಮದುವೆಯಾದ ಮರುವರ್ಷ ಯುಗಾದಿಗೆ ಹೋದಾಗ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಈಗ ಸಂಸಾರಸ್ಥನಂಗೆ ಕಾಣ್ತೀಯ ನೋಡು" ಎಂದಳು. ನನಗೆ ಹೊಟ್ಟೆ ಬಂದಿದೆ ಎಂಬುದು ಆ ಮಾತಿನ ತಾತ್ಪರ್ಯ. ನಾನಾದರೋ ಅದನ್ನು ಪ್ರಶಸ್ತಿಯೆಂದೇ ಸ್ವೀಕರಿಸಿದೆ.

ಇದಕ್ಕಾಗಿ ಅವ್ವನನ್ನು ದೂರುವಂತಿಲ್ಲ. 1876-78ರ ಧಾತು, ಈಶ್ವರ ಸಂವತ್ಸರಗಳ ಬರದ ಕಥೆಗಳನ್ನು ಅವಳ ಅಜ್ಜಿ ತನ್ನ ಹಿರಿಯರಿಂದ ಕೇಳಿ, ಮೊಮ್ಮಕ್ಕಳಿಗೆ ಹೇಳುತ್ತಿದ್ದಳಂತೆ. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರು ಹಸಿವಿನಿಂದಲೂ ರೋಗದಿಂದಲೂ ಮಡಿದ ಬರ ಅದು. ಅಂತಹ ಕಥೆಗಳನ್ನು ಕೇಳಿ ಬೆಳೆದವರಿಗೆ "ಮೈಕೈ ತುಂಬಿಕೊಂಡಿದ್ದಾನೆ" ಎಂಬುದು ಕಣಜ ತುಂಬಿದೆ ಎಂದಷ್ಟೇ ಸಂತೋಷದ ಮಾತು. ಹೊಟ್ಟೆಯುಳ್ಳವನ ಮನೆಯಲ್ಲಿ ಮುಂದಿನ ಮಳೆಯವರೆಗೆ ರಾಗಿ ಇದೆ ಎಂದು ಅರ್ಥ.

ಆಶ್ಚರ್ಯವೆಂದರೆ, ಇಷ್ಟೆಲ್ಲ ಆದರದ ಹೊಟ್ಟೆ ನಮ್ಮ ಅಪ್ಪನಿಗೆ ಮಾತ್ರ ಇರಲಿಲ್ಲ. ಮೂರು ಎಕರೆ ಹೊಲ, ನಲವತ್ತು ತೆಂಗಿನ ಮರ, ಒಂದು ಜೊತೆ ಎತ್ತು: ಇಷ್ಟು ಅವರ ಆಸ್ತಿ. ಊಟಕ್ಕೆ ಕುಳಿತರೆ ಅವರ ಮುದ್ದೆಯನ್ನು ನೋಡಿ ಮೈಸೂರಿನ ನನ್ನ ಸ್ನೇಹಿತರು ಬೆರಗಾಗುತ್ತಿದ್ದರು. ಆದರೆ ಆ ಮುದ್ದೆ ಅವರ ದೇಹದಲ್ಲಿ ಎಲ್ಲಿಯೂ ತಂಗುತ್ತಿರಲಿಲ್ಲ. ಉಳುಮೆ, ಕುಂಟೆ, ಕಳೆ, ಕಟಾವು, ಸಂತೆಯ ದಾರಿ, ಎಲ್ಲವೂ ಸೇರಿ ಅದನ್ನು ಅಂದಂದಿಗೇ ತೀರಿಸಿಬಿಡುತ್ತಿದ್ದುವು.

ಅಪ್ಪನ ಸೊಂಟದಲ್ಲಿ ಒಂದು ಬೆಳ್ಳಿಯ ಉಡಿದಾರವಿದ್ದಿತು. ಪಟ್ಟಣದ ಮಕ್ಕಳಿಗೆ ಉಡಿದಾರವೆಂದರೆ ಏನೆಂದು ತಿಳಿಯದಿರಬಹುದು. ಹುಟ್ಟಿದ ಕೂಸಿನ ಸೊಂಟಕ್ಕೆ ಕಟ್ಟುವ ಕರಿಯ ನೂಲು ಅದು. ಗಂಡಸರು ಅದನ್ನು ಕಡೆಯವರೆಗೂ ಧರಿಸುತ್ತಿದ್ದರು. ಸ್ವಲ್ಪ ಅನುಕೂಲವಿದ್ದವರು ಮದುವೆಯ ಹೊತ್ತಿಗೆ ಬೆಳ್ಳಿಯಲ್ಲಿ ಮಾಡಿಸಿಕೊಳ್ಳುತ್ತಿದ್ದರು. ಅಪ್ಪನ ಉಡಿದಾರವನ್ನು ಮಾಡಿಸಿಕೊಟ್ಟವರು ನಮ್ಮ ತಾತ. ಸ್ನಾನಕ್ಕೆ ನಿಂತಾಗ ಅದು ಅಪ್ಪನ ಕಪ್ಪು ಮೈಯ ಮೇಲೆ ಹೊಳೆಯುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಾನು ಎಸ್.ಎಸ್.ಎಲ್.ಸಿ. ಮುಗಿಸಿದ್ದು 1979ರಲ್ಲಿ, ಗೊರೂರಿನ ಬಳಿ ಹೇಮಾವತಿಯ ಅಣೆಕಟ್ಟು ಮುಗಿದ ವರ್ಷ. ಅಲ್ಲಿಂದ ಮುಂದೆ ಹಾಸನದಲ್ಲಿ ಓದಿ, 1985ರಲ್ಲಿ ಬ್ಯಾಂಕಿನ ಸಂದರ್ಶನಕ್ಕೆಂದು ಬೆಂಗಳೂರಿಗೆ ಹೋದೆ. ಆಗ ದೊಡ್ಡ ರೈಲು ನಿಲ್ದಾಣಗಳಲ್ಲಿ ಬಣ್ಣದ ದೀಪಗಳು ಮಿನುಗುವ ತೂಕದ ಯಂತ್ರಗಳಿರುತ್ತಿದ್ದುವು. ನಾಣ್ಯ ಹಾಕಿದರೆ ಒಂದು ರಟ್ಟಿನ ಚೀಟಿ ಬೀಳುತ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ನನ್ನ ತೂಕ 49 ಕಿಲೋಗ್ರಾಂ ಎಂದು ಬಂದಿತ್ತು. ಭವಿಷ್ಯ ಏನಿತ್ತೋ ಮರೆತುಹೋಗಿದೆ. ನೌಕರಿಯಂತೂ ಸಿಕ್ಕಿತು, ಮೈಸೂರಿನಲ್ಲಿ.

ಬ್ಯಾಂಕಿನ ಕುರ್ಚಿಗೂ ನನಗೂ ಮೂವತ್ತೆಂಟು ವರ್ಷಗಳ ನಂಟು. ತೂಕ 49ರಿಂದ 56 ಆಯಿತು, 62 ಆಯಿತು, ಕಡೆಗೆ 68ರಲ್ಲಿ ನಿಂತಿತು. ನನಗೆ ಚಿಂತೆಯಿರಲಿಲ್ಲ. ಏಕೆಂದರೆ ಬಿ.ಎಂ.ಐ. ಎಂದು ಈಗ ಎಲ್ಲರ ಬಾಯಲ್ಲಿರುವ ಲೆಕ್ಕವನ್ನು ನಾನು ಕಲಿತಿದ್ದೆ. ಕಿಲೋಗ್ರಾಂಗಳಲ್ಲಿ ತೂಕವನ್ನು ತೆಗೆದುಕೊಂಡು ಮೀಟರುಗಳಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸುವುದು; ಉತ್ತರ 25ಕ್ಕಿಂತ ಕಡಿಮೆಯಿದ್ದರೆ ಕ್ಷೇಮ. ನನ್ನ ಎತ್ತರ 168 ಸೆಂಟಿಮೀಟರ್, ಉತ್ತರ 24. ಲೆಕ್ಕಪತ್ರದಲ್ಲಿ ಜೀವ ಸವೆಸಿದವನಿಗೆ ಇದಕ್ಕಿಂತ ಹೆಚ್ಚಿನ ಸಮಾಧಾನ ಏನು ಬೇಕು?

ಇನ್ನೊಂದು ಸಾಕ್ಷಿಯೂ ನನ್ನ ಪರವಾಗಿತ್ತು. ಹದಿನೈದು ವರ್ಷಗಳಿಂದ ನನ್ನ ಷರಾಯಿಯ ಸೊಂಟದಳತೆ 34 ಅಂಗುಲವೇ. ಇದರ ಗುಟ್ಟು ನನ್ನ ಹೆಂಡತಿಗೆ ತಿಳಿದಿತ್ತು, ದರ್ಜಿಗೆ ತಿಳಿದಿತ್ತು, ನನಗೆ ಮಾತ್ರ ತಿಳಿದಿರಲಿಲ್ಲ. ಹೊಟ್ಟೆ ಮುಂದೆ ಬಂದ ಹಾಗೆಲ್ಲ ಷರಾಯಿ ಕೆಳಕ್ಕೆ ಸರಿದಿತ್ತು. ಹೊಕ್ಕುಳಿನ ಮಟ್ಟದಲ್ಲಿ ಕಟ್ಟುತ್ತಿದ್ದುದನ್ನು ನಾನು ಹೊಟ್ಟೆಯ ಕೆಳಗೆ ಸಿಕ್ಕಿಸಿಕೊಂಡು, ಅಳತೆ ಬದಲಾಗಿಲ್ಲವೆಂದು ಹೆಮ್ಮೆಪಡುತ್ತಿದ್ದೆ!

ಅಪ್ಪ 2016ರಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ತಿಥಿಯ ಮರುದಿನ ಬಾಗೂರಿನಲ್ಲೇ ಬೇಸಾಯ ಮಾಡಿಕೊಂಡಿದ್ದ ನನ್ನ ತಮ್ಮ ಆ ಬೆಳ್ಳಿಯ ಉಡಿದಾರವನ್ನು ತಂದು, "ಅಣ್ಣಯ್ಯ, ಇದು ಹಿರೀಮಗನಿಗೆ ಸೇರಬೇಕಾದ್ದು" ಎಂದು ನನ್ನ ಕೈಯಲ್ಲಿಟ್ಟ. ಎಲ್ಲರ ಎದುರಿಗೆ ಧರಿಸಲು ಹೋದೆ. ಎರಡು ಕೊನೆಗಳೂ ಕೂಡಲಿಲ್ಲ. ನಡುವೆ ಒಂದು ಚೋಟಿನಷ್ಟು ಅಂತರ ಉಳಿಯಿತು. ಸಾವಿನ ಮನೆಯಲ್ಲಿ ಮೊದಲ ಬಾರಿಗೆ ನಗು ಕೇಳಿಸಿತು. ಅಪ್ಪನ ತಂಗಿ, ನಮ್ಮ ಸೋದರತ್ತೆ, ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವರು ಹೇಳಿದರು: "ನಿಮ್ಮಪ್ಪಂದು ಗೇದ ಮೈ ಕಣಪ್ಪ, ನಿಂದು ಕೂತ ಮೈ."

ಉಡಿದಾರವನ್ನು ಬೀರುವಿನಲ್ಲಿಟ್ಟೆ. ಬೆಳ್ಳಿ ಸೇರಿಸಿ ಉದ್ದ ಮಾಡಿಸಿದರಾಯಿತು ಎಂಬುದು ನನ್ನ ಯೋಚನೆ. ಹಾಗೆಂದುಕೊಂಡೇ ಮೂರು ವರ್ಷ ಕಳೆಯಿತು. 2019ರಲ್ಲಿ ಊರಿಗೆ ಹೋಗುವಾಗ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಚನ್ನರಾಯಪಟ್ಟಣದಲ್ಲಿ ನಮ್ಮ ಮನೆಯವರಿಗೆ ಪರಿಚಯವಿದ್ದ ವೃದ್ಧ ಅಕ್ಕಸಾಲಿಗರ ಮುಂದಿಟ್ಟೆ. ಅವರು ಕೈಯಲ್ಲಿ ಹಿಡಿದ ಕೂಡಲೇ ಗುರುತಿಸಿದರು. "ಇದರ ಕೊಂಡಿ ಸವೆದಿತ್ತು ಅಂತ ನಾನೇ ಬದಲಾಯಿಸಿಕೊಟ್ಟಿದ್ದೆ ಸ್ವಾಮಿ. ಉದ್ದ ಮಾತ್ರ ಎಂದೂ ಮುಟ್ಟಿದ್ದಿಲ್ಲ" ಎಂದರು. ಮದುವೆಗಳ ಕಾಲವಾದುದರಿಂದ ಕೆಲಸಕ್ಕೆ ಸ್ವಲ್ಪ ವಿಳಂಬವಾಗುವುದೆಂದು ಹೇಳಿ ತೆಗೆದಿಟ್ಟುಕೊಂಡರು.

ಆ ರಾತ್ರಿ ಜಗಲಿಯ ಮೇಲೆ ಮಲಗಿದ್ದಾಗ ನನ್ನ ತಮ್ಮ ಒಂದು ಮಾತು ಹೇಳಿದ. ಇತ್ತೀಚೆಗೆ ಆಯಾಸ ಹೆಚ್ಚು, ರಾತ್ರಿ ನಾಲ್ಕು ಸಲ ಏಳಬೇಕಾಗುತ್ತದೆ, ಎಷ್ಟು ನೀರು ಕುಡಿದರೂ ಬಾಯಾರಿಕೆ ಹೋಗುವುದಿಲ್ಲ ಎಂದ. ಯಾವುದೋ ತಪಾಸಣಾ ಶಿಬಿರದಲ್ಲಿ ತೂಕ ನೋಡಿ, ಸರಿಯಾಗಿದೆ ಎಂದು ಕಳುಹಿಸಿದ್ದರಂತೆ. ನಾನು ನಕ್ಕುಬಿಟ್ಟೆ. "ಕಡ್ಡಿಯ ಹಾಗಿದ್ದೀಯೆ, ನಿನಗೆಂಥ ಕಾಯಿಲೆ? ಆ ಭಾಗ್ಯವೆಲ್ಲ ನಮ್ಮಂತಹ ಪಟ್ಟಣದವರಿಗೆ" ಎಂದು ಹೇಳಿ ಮಗ್ಗುಲಾದೆ.

ಅವನನ್ನು ನೋಡಿದ ಯಾರೂ ಹಾಗೆಯೇ ಹೇಳುತ್ತಿದ್ದರು. ಸಣಕಲು ಕೈಕಾಲು, ಬತ್ತಿದ ಕೆನ್ನೆ. ಪಂಚೆಯ ಮೇಲೆ ಮಾತ್ರ, ಕಂಡೂ ಕಾಣದಂತೆ, ಒಂದು ಪುಟ್ಟ ಹೊಟ್ಟೆ. ಅಪ್ಪನ ಕಾಲದ ಎತ್ತುಗಳು ಹೋಗಿ ಬಾಡಿಗೆಯ ಟ್ರ್ಯಾಕ್ಟರು ಬಂದಿತ್ತು. ಹೊಲಕ್ಕೆ ನಡೆಯುವುದು ಹೋಗಿ ಸ್ಕೂಟರು ಬಂದಿತ್ತು. ಮುದ್ದೆಯ ಗಾತ್ರ ಮಾತ್ರ ಅಪ್ಪನದೇ ಉಳಿದಿತ್ತು. ಅದರ ಮೇಲೆ ಅಷ್ಟೇ ಅನ್ನ, ಹಗಲಲ್ಲಿ ನಾಲ್ಕು ಸಲ ಸಕ್ಕರೆಯ ಕಾಫಿ.

ಒಂದು ತಿಂಗಳಾಗುವಷ್ಟರಲ್ಲಿ ದೂರವಾಣಿ ಬಂದಿತು. ತೋಟದಲ್ಲಿ ಒಣಗಿದ ತೆಂಗಿನ ಮಟ್ಟೆಯ ಸಿಬಿರು ಎಡಗಾಲಿನ ಕಿರುಬೆರಳಿಗೆ ಚುಚ್ಚಿತ್ತಂತೆ. ನೋವು ಗೊತ್ತಾಗಿರಲಿಲ್ಲ, ಗಾಯ ಮಾಯಲಿಲ್ಲ, ಬೆರಳು ಕಪ್ಪಾಗಿತ್ತು. ಮೈಸೂರಿಗೆ ಕರೆಸಿಕೊಂಡು ಆಸ್ಪತ್ರೆಗೆ ಸೇರಿಸಿದೆ. ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು. ಸಿಹಿಮೂತ್ರ ರೋಗ ಎಷ್ಟೋ ವರ್ಷಗಳಿಂದ ಇದ್ದಿರಬೇಕು ಎಂದರು. ಕಾಲನ್ನು ಉಳಿಸಿದರು, ಬೆರಳನ್ನು ಉಳಿಸಲಾಗಲಿಲ್ಲ.

ಗಾಯ ಒಣಗಿದ ಮೇಲೆ ಒಂದು ದಿನ ತಪಾಸಣೆಗೆ ಕರೆದುಕೊಂಡು ಹೋದಾಗ ವೈದ್ಯರು ಮೇಜಿನ ಸೆಳೆಖಾನೆಯಿಂದ ದರ್ಜಿಯ ಟೇಪನ್ನು ತೆಗೆದರು. ತಮ್ಮನನ್ನು ನಿಲ್ಲಿಸಿ, ಪಕ್ಕೆಲುಬಿನ ಕೆಳತುದಿಯನ್ನೂ ಸೊಂಟದ ಮೂಳೆಯ ಮೇಲ್ತುದಿಯನ್ನೂ ಬೆರಳಿನಿಂದ ಗುರುತಿಸಿ, ಅವೆರಡರ ನಡುಮಧ್ಯದಲ್ಲಿ ಟೇಪನ್ನು ಸುತ್ತಿದರು. "ಸಹಜವಾಗಿ ಉಸಿರು ಬಿಡಿ, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಡಿ" ಎಂದರು. 92 ಸೆಂಟಿಮೀಟರ್. ಅವನ ತೂಕ 62 ಕಿಲೋಗ್ರಾಂ, ಬಿ.ಎಂ.ಐ. 23ಕ್ಕೂ ಒಳಗೆ. ಪಕ್ಕದಲ್ಲಿ ನಿಂತು ಇಣುಕುತ್ತಿದ್ದ ನನ್ನ ಕಡೆ ತಿರುಗಿ, "ನೀವೂ ಬನ್ನಿ" ಎಂದರು. ನನ್ನದು 97. ಅಂದರೆ 38 ಅಂಗುಲ. ಹದಿನೈದು ವರ್ಷಗಳ 34 ಅಂಗುಲದ ಹೆಮ್ಮೆ ಅಲ್ಲಿಗೆ ಮುಗಿಯಿತು.

ವೈದ್ಯರು ಬಿಡುವಾಗಿದ್ದರು, ವಿವರಿಸಿ ಹೇಳಿದರು. ನಾನು ನಂಬಿದ್ದ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದವನು ಬೆಲ್ಜಿಯಂ ದೇಶದ ಕ್ವೆಟ್ಲೆ ಎಂಬ ಗಣಿತಜ್ಞ, ಸಾಮಾನ್ಯ ಮನುಷ್ಯನ ಪ್ರಮಾಣವನ್ನು ತಿಳಿಯುವುದಕ್ಕಾಗಿ. ಅದು ತೂಕವನ್ನು ಹೇಳುತ್ತದೆ. ಆ ತೂಕದಲ್ಲಿ ಮಾಂಸಖಂಡವೆಷ್ಟು, ಕೊಬ್ಬೆಷ್ಟು, ಕೊಬ್ಬು ಎಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಚರ್ಮದ ಕೆಳಗಿರುವ ಕೊಬ್ಬಿಗಿಂತ ಹೊಟ್ಟೆಯ ಒಳಗೆ, ಪಿತ್ತಕೋಶ ಕರುಳುಗಳ ಸುತ್ತ ಸೇರುವ ಕೊಬ್ಬು ಹೆಚ್ಚು ಅಪಾಯಕರ. ಅದು ಯಕೃತ್ತಿನ ಕೆಲಸವನ್ನು ಕೆಡಿಸುತ್ತದೆ, ಇನ್ಸುಲಿನ್ನಿನ ಬಲವನ್ನು ಕುಂದಿಸುತ್ತದೆ, ರಕ್ತದೊತ್ತಡಕ್ಕೂ ಹೃದಯದ ಬೇನೆಗೂ ದಾರಿ ಮಾಡುತ್ತದೆ. ಭಾರತೀಯರಲ್ಲಿ ಈ ಒಳಗೊಬ್ಬು ತೆಳುವಾಗಿ ಕಾಣುವವರಲ್ಲಿಯೂ ಸೇರಿಕೊಂಡಿರುತ್ತದೆ.

ಇದಕ್ಕೆ ಅವರು ಒಂದು ಸ್ವಾರಸ್ಯವಾದ ನಿದರ್ಶನ ಕೊಟ್ಟರು. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾಕ್ಟರ್ ಯಡ್ಕಿನ್ ಜೊತೆಯಾಗಿ ನಿಂತು ತೆಗೆಸಿಕೊಂಡ ಚಿತ್ರವೊಂದು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ಆಂಗ್ಲ ವೈದ್ಯನ ಮೈಯಲ್ಲಿ ಕೊಬ್ಬು ನೂರಕ್ಕೆ 9.1 ಪಾಲು, ನಮ್ಮವರ ಮೈಯಲ್ಲಿ 21.2! ಹೀಗಿರುವುದು ಹುಟ್ಟಿನಿಂದಲೇ. ಪುಣೆಯ ಕೂಸುಗಳು ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳಿಗಿಂತ ಸುಮಾರು 800 ಗ್ರಾಂ ಹಗುರವಾಗಿ ಹುಟ್ಟಿದರೂ, ಮಾಂಸದಲ್ಲಿ ಕಡಿಮೆಯಾದಷ್ಟು ಕೊಬ್ಬಿನಲ್ಲಿ ಕಡಿಮೆಯಾಗಿರಲಿಲ್ಲವಂತೆ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಈ ಶೋಧನೆಯಲ್ಲಿ ಹೆಸರು ಪಡೆದಿದೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಬರೆದಿಟ್ಟಿದ್ದರು. ಆ ಕೂಸುಗಳು ಮಧ್ಯವಯಸ್ಸಿಗೆ ಬಂದಾಗ ಸಂಶೋಧಕರು ಅವರನ್ನು ಹುಡುಕಿ ಪರೀಕ್ಷಿಸಿದರು. ತೂಕದ ತಾಯಂದಿರಿಗೆ, ಉದ್ದಕ್ಕೆ ಮೀರಿದ ಭಾರದೊಡನೆ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡುಬಂದಿತೆಂದು 1998ರಲ್ಲಿ ಪ್ರಕಟಿಸಿದರು.

ಆದುದರಿಂದ ನಮಗೆ ಬೇರೆಯ ಅಳತೆ. ಏಷ್ಯಾದವರಿಗೆ ಬಿ.ಎಂ.ಐ. 23 ದಾಟಿದರೆ ಎಚ್ಚರವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿಯೇ ಹೇಳಿದ್ದಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಸುಲಭವಾಗಿ ನೆನಪಿಡಬೇಕಾದರೆ, ಸೊಂಟದ ಸುತ್ತು ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ ಎಂಬ ಸೂತ್ರವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಫಲಿತಾಂಶವನ್ನು ನಾನು 2023ರಲ್ಲಿ ಓದಿದೆ. ದೇಶದ ವಯಸ್ಕರಲ್ಲಿ ತೂಕದ ಲೆಕ್ಕದಿಂದ ಸ್ಥೂಲಕಾಯರೆನಿಸಿದವರು ನೂರಕ್ಕೆ 28.6; ಸೊಂಟದ ಲೆಕ್ಕದಿಂದ ನೋಡಿದರೆ 39.5. ಈ ಎರಡು ಸಂಖ್ಯೆಗಳ ನಡುವೆ ಬಿದ್ದುಹೋಗುವವರಲ್ಲಿ ನನ್ನ ತಮ್ಮನಂತಹವರು ಎಷ್ಟು ಮಂದಿಯೋ!

ವೈದ್ಯರ ಮಾತು ಕೇಳುತ್ತಿದ್ದಾಗ ನನ್ನ ಮನಸ್ಸಿಗೆ ಊರಿನ ಸುರಂಗ ಬಂದಿತು. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ನಾಲೆ ನಮ್ಮ ಬಾಗೂರಿಗೂ ನವಿಲೆಗೂ ನಡುವೆ ನೆಲದೊಳಗೆ ಹರಿಯುತ್ತದೆ. ಮೇಲೆ ನಿಂತವನಿಗೆ ಕಾಣುವುದು ಹೊಲ, ತೆಂಗು, ಕುರಿಯ ಮಂದೆ. ಕೆಳಗೆ ಅಷ್ಟು ನೀರಿದೆಯೆಂದು ಯಾರೂ ಊಹಿಸಲಾರರು. ತಮ್ಮನ ಬಡಕಲು ಮೈಯನ್ನು ಕಂಡು ನಾನು ಮೇಲೆ ನಿಂತೇ ತೀರ್ಪು ಕೊಟ್ಟಿದ್ದೆ.

ವೈದ್ಯರು ನನ್ನನ್ನು ಸಮಾಧಾನಪಡಿಸಿದರು. ಕಾಯಿಲೆಗೆ ವಂಶವೂ ಕಾರಣ, ವಯಸ್ಸೂ ಕಾರಣ, ಸೊಂಟವೊಂದೇ ಅಲ್ಲ ಎಂದರು. ಹೌದು. ಆದರೆ ಆ ರಾತ್ರಿ ಜಗಲಿಯ ಮೇಲೆ ನಾನು ನಗದೆ ಮರುದಿನವೇ ರಕ್ತಪರೀಕ್ಷೆಗೆ ಕರೆದೊಯ್ದಿದ್ದರೆ ಒಂದು ಬೆರಳು ಉಳಿಯುತ್ತಿತ್ತೇನೋ ಎಂಬ ಯೋಚನೆ ಈಗಲೂ ಬಿಟ್ಟಿಲ್ಲ. ತಮ್ಮ ಇದುವರೆಗೆ ಆ ಮಾತನ್ನು ಎತ್ತಿಲ್ಲ. ಅವನು ಎತ್ತದಿರುವುದೇ ನನಗೆ ಹೆಚ್ಚಿನ ಭಾರವಾಗಿದೆ.

ನಮ್ಮಲ್ಲಿ ದಪ್ಪಗಿರುವವರನ್ನು ಕಂಡರೆ ನಗುವುದು ವಾಡಿಕೆ. ನಗೆಚಿತ್ರಗಳ ಡೊಳ್ಳುಹೊಟ್ಟೆಯ ಗಂಡನನ್ನೂ ಲಟ್ಟಣಿಗೆ ಹಿಡಿದ ದಢೂತಿ ಹೆಂಡತಿಯನ್ನೂ ನೋಡಿ ನಾವೆಲ್ಲ ನಕ್ಕಿದ್ದೇವೆ. ನಗೆಗೆ ಅಂಜಿ ದಪ್ಪಗಿರುವವರು ವೈದ್ಯರ ಬಳಿಗೆ ಹೋಗುವುದಿಲ್ಲ. ಹೊಗಳಿಕೆಯನ್ನು ನಂಬಿ ತೆಳ್ಳಗಿರುವವರೂ ಹೋಗುವುದಿಲ್ಲ. ಟೇಪಿಗಾದರೋ ನಗೆಯೂ ಇಲ್ಲ, ಹೊಗಳಿಕೆಯೂ ಇಲ್ಲ.

ಆ ಸಂಜೆ ಮನೆಗೆ ಬಂದವನೇ ಹೆಂಡತಿಯ ಹೊಲಿಗೆಯ ಡಬ್ಬಿಯಿಂದ ಟೇಪನ್ನು ತೆಗೆದು ಅವಳನ್ನು ಅಳೆಯಲು ಹೊರಟೆ. 88 ಎಂದು ಗಂಭೀರವಾಗಿ ಸಾರಿದೆ. ಅವಳು ಟೇಪನ್ನು ಕಿತ್ತುಕೊಂಡು ಹೇಳಿದಳು: "ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ನೀವು ಸಾಕೆಂದು ತಳ್ಳಿದ್ದು, ಹಿಂದಿನ ರಾತ್ರಿ ಉಳಿದದ್ದು, ಇವೆಲ್ಲ ಇಷ್ಟು ವರ್ಷ ಎಲ್ಲಿಗೆ ಹೋಯಿತೆಂದು ಒಂದು ದಿನವಾದರೂ ಕೇಳಿದ್ದೀರಾ?" ಕೇಳಿರಲಿಲ್ಲ. ಅನ್ನ ಚೆಲ್ಲಬಾರದೆಂಬ ಮನೆಯ ಧರ್ಮವನ್ನು ಅವಳೊಬ್ಬಳ ಸೊಂಟವೇ ಹೊತ್ತಿತ್ತು. ಅಂದಿನಿಂದ ನಮ್ಮಲ್ಲಿ ಅಕ್ಕಿಯ ಪಾವು ಕಿರಿದಾಯಿತು. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತೇವೆ; ಉಳಿದರೆ ಉಳಿಯಿತು, ಅದಕ್ಕೆ ಅವಳೊಬ್ಬಳೇ ಹೊಣೆಯಲ್ಲ.

ನಾವು ಯಾವ ತಪಸ್ಸನ್ನೂ ಮಾಡಲಿಲ್ಲ. ಮುದ್ದೆ ಬಿಡಲಿಲ್ಲ, ಚಿಕ್ಕದು ಮಾಡಿದೆವು. ರಾಗಿಯಾದರೂ ಪಿಷ್ಟವೇ ತಾನೆ? ಅನ್ನವನ್ನು ಅರ್ಧಕ್ಕಿಳಿಸಿ ಸೊಪ್ಪಿನ ಸಾರು, ಕಾಳು, ಪಲ್ಯಗಳನ್ನು ಹೆಚ್ಚಿಸಿದೆವು. ಸಂಜೆಯ ಬೋಂಡ, ಕೋಡುಬಳೆಗಳು ಹಬ್ಬಕ್ಕೆ ಮೀಸಲಾದುವು. ದಿನವೂ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುತ್ತೇವೆ. ನನ್ನ ತೂಕ ಇಳಿದದ್ದು ನಾಲ್ಕೇ ಕಿಲೋಗ್ರಾಂ. ತಕ್ಕಡಿಯನ್ನು ನಂಬಿದ್ದರೆ ನಿರಾಶೆಯಿಂದ ಎಂದೋ ಬಿಟ್ಟುಬಿಡುತ್ತಿದ್ದೆ. ಸೊಂಟ ಮಾತ್ರ 97ರಿಂದ 89ಕ್ಕೆ ಬಂದಿದೆ. ಹೆಂಡತಿಯದು 83. ಇನ್ನು ಮೂರು ಸೆಂಟಿಮೀಟರಿನ ಸುದ್ದಿಗೆ ನಾನು ಬರಕೂಡದೆಂದು ಅವಳ ಕಟ್ಟಪ್ಪಣೆ.

ಅಕ್ಕಸಾಲಿಗರ ಬಳಿ ಉಳಿದಿದ್ದ ಉಡಿದಾರವನ್ನು ತರಲು ತಮ್ಮ ಚೇತರಿಸಿಕೊಂಡ ಮೇಲೆ ಹೋದೆ. ಅವರಿನ್ನೂ ಕೆಲಸಕ್ಕೆ ಕೈಹಾಕಿರಲಿಲ್ಲ, ಕ್ಷಮಿಸಬೇಕೆಂದರು. ಬೆಳ್ಳಿ ಸೇರಿಸುವುದು ಬೇಡ, ಇದ್ದಂತೆಯೇ ಕೊಡಿ ಎಂದೆ. ಅವರು ಹುಣಿಸೆಹಣ್ಣು ಹಾಕಿ ಉಜ್ಜಿ, ತೊಳೆದು, ಕಾಗದದಲ್ಲಿ ಸುತ್ತಿಕೊಟ್ಟರು. ಕಾಸು ತೆಗೆದುಕೊಳ್ಳಲಿಲ್ಲ.

ಈಗ ಊರಿಗೆ ಹೋದಾಗಲೆಲ್ಲ ಬೆಳಗ್ಗೆ ಅಣ್ಣತಮ್ಮಂದಿರಿಬ್ಬರೂ ನಾಲೆಯ ಏರಿಯ ಮೇಲೆ ಸುರಂಗದ ಕಡೆಗೆ ನಡೆಯುತ್ತೇವೆ. ಅವನು ಮೆತ್ತನೆಯ ಪಾದರಕ್ಷೆ ಹಾಕಿಕೊಂಡು ಸ್ವಲ್ಪ ನಿಧಾನವಾಗಿ ಬರುತ್ತಾನೆ. ಮಾತ್ರೆ ತಪ್ಪಿಸುವುದಿಲ್ಲ, ರಾತ್ರಿ ಪಾದಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳದೆ ಮಲಗುವುದಿಲ್ಲ. ಹೋದ ಯುಗಾದಿಯಂದು ಎಣ್ಣೆಸ್ನಾನಕ್ಕೆ ಮುಂಚೆ ಉಡಿದಾರವನ್ನು ತೆಗೆದು ಸೊಂಟಕ್ಕೆ ಸುತ್ತಿಕೊಂಡೆ. ತಮ್ಮ ಎರಡು ಕೊನೆಗಳನ್ನೂ ಹಿಡಿದು ಎಳೆದು ನೋಡಿ, ನಡುವೆ ತನ್ನ ಬೆರಳುಗಳನ್ನಿಟ್ಟು ಅಳೆದ. "ಇನ್ನು ನಾಕೇ ಬೆರಳು ಅಣ್ಣಯ್ಯ" ಎಂದ.

ಅವ್ವ ಒಳಗಿನಿಂದ ಬಂದು ನನ್ನನ್ನು ನೋಡಿದಳು. ಅವಳ ಕಣ್ಣು ಈಗ ಮಂಜಾಗಿದೆ. ಆದರೂ ಹೊಸ್ತಿಲ ಮೇಲೆ ನಿಂತು ಎಂದಿನಂತೆ ಹೇಳಿದಳು: "ಎಷ್ಟು ಸೊರಗಿ ಹೋಗಿದ್ದೀಯಪ್ಪ!"

ಮೊದಲ ಸಲ ಆ ಮಾತು ಸ್ವಲ್ಪಮಟ್ಟಿಗೆ ನಿಜವಾಗಿತ್ತು.